ಮಂದ್ರದ ಬೆಲೆ

ಸೂಳೆಕೆರೆಯ ಏರಿಯ ಮೇಲೆ ಸಂಜೆಯ ಹೊತ್ತು ನಾಲ್ಕು ಹೆಜ್ಜೆ ನಡೆದು ಬರುವುದು, ಪಾಠಶಾಲೆಯ ಉದ್ಯೋಗದಿಂದ ನಿವೃತ್ತರಾದ ಮೇಲೆ ನಮಗೆ ಬಂದ ಅಭ್ಯಾಸ. ಹೋದ ಮಾಘಮಾಸದಲ್ಲಿ ಒಂದು ಸಂಜೆ ಅಲ್ಲಿ ನಮ್ಮ ಹಳೆಯ ಸ್ನೇಹಿತರೊಬ್ಬರು ಎದುರಾದರು. ಚನ್ನಗಿರಿ ಸೀಮೆಯ ಅಡಕೆ ತೋಟದವರು. ದುಂದುಗಾರರೂ ಅಲ್ಲ, ಕೃಪಣರೂ ಅಲ್ಲ. ಕುಶಲಪ್ರಶ್ನೆಗಳು ಮುಗಿದ ಮೇಲೆ ಅವರು ಕೇಳಿದ್ದು ಇಷ್ಟು: "ಮೇಷ್ಟ್ರೇ, ಸದ್ದು ಮಾಡುವ ಒಂದು ಪೆಟ್ಟಿಗೆಗೆ ನಾಲ್ಕೂವರೆ ಲಕ್ಷ ರೂಪಾಯಿ ಕೊಡುವುದು ಧರ್ಮವೋ, ಅಧರ್ಮವೋ?"

ಸಂಗತಿ ಹೀಗಿತ್ತು. ಅವರ ಮಗ ಬೆಂಗಳೂರಿನ ನೌಕರಿಯನ್ನು ಬಿಟ್ಟು ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದನು. ಊರಿನಲ್ಲಿ ಚಿತ್ರಮಂದಿರವಿಲ್ಲ, ಸಂಗೀತಸಭೆಯಿಲ್ಲ. ಮನೆಯಲ್ಲಿಯೇ ಒಂದು ಕೊಠಡಿಯನ್ನು ಅದಕ್ಕೆಂದು ಸಜ್ಜುಗೊಳಿಸುತ್ತೇನೆ ಎಂಬುದು ಅವನ ಆಸೆ. ಪರದೆ ಬಂದಿತು, ಸ್ಪೀಕರುಗಳು ಬಂದವು. ಉಳಿದದ್ದು ಸಬ್‌ವೂಫರ್ ಎಂಬುದೊಂದು. ಅದರಲ್ಲಿ ಅತಿ ಶ್ರೇಷ್ಠವಾದುದೇ ಬೇಕೆಂದು ಮಗನ ಹಟ. ತಂದೆಗಾದರೋ 2023ರ ಬರಗಾಲದ ನೆನಪು ಇನ್ನೂ ಹಸಿಯಾಗಿತ್ತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರಕಾರವೇ ಬರಪೀಡಿತವೆಂದು ಘೋಷಿಸಿದ್ದಿತು. ಇವರ ಎರಡು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರಿನಿಂದ ನೀರು ತರಿಸಿ ಅಡಕೆಯ ಮರಗಳ ಜೀವ ಉಳಿಸಿದರು. ಆ ಸಾಲದ ಒಂದು ಕಂತು ಇನ್ನೂ ಬಾಕಿಯಿತ್ತು. ತಂದೆ ಮಕ್ಕಳಲ್ಲಿ ಹದಿನೈದು ದಿವಸದಿಂದ ಸರಿಯಾಗಿ ಮಾತಿಲ್ಲವೆಂದು ಅವರು ಹೇಳಿದಾಗ, ಈ ಪ್ರಶ್ನೆ ಕೇವಲ ಪೆಟ್ಟಿಗೆಯದಲ್ಲವೆಂದು ನಮಗೆ ತಿಳಿಯಿತು. ವಿಷಯವನ್ನು ವಿಚಾರಿಸದೆ ತೀರ್ಪು ಹೇಳುವುದು ಪಂಡಿತರಿಗೂ ಮೇಷ್ಟರುಗಳಿಗೂ ಸಹಜವಾದ ದೋಷ. ಆ ದೋಷಕ್ಕೆ ಸಿಕ್ಕದಿರಲು ನಾವು ಒಂದು ತಿಂಗಳ ಅವಧಿಯನ್ನು ಕೇಳಿಕೊಂಡೆವು.

ಮೊದಲು ಪದಾರ್ಥ ಯಾವುದೆಂಬುದನ್ನು ನಿಶ್ಚಯಿಸಬೇಕಷ್ಟೆ. 'ವೂಫರ್' ಎಂಬ ಹೆಸರು ಬಂದಿರುವುದು ನಾಯಿಯ ಬೊಗಳುವಿಕೆಯ ಅನುಕರಣದಿಂದ. ಹಾಗೆಯೇ ಎತ್ತರದ ಸ್ವರ ನುಡಿಯುವ 'ಟ್ವೀಟರ್' ಎಂಬುದು ಹಕ್ಕಿಯ ಚಿಲಿಪಿಲಿಯಿಂದ. ವೂಫರಿಗೂ ಕೆಳಗಿನ ಸ್ವರವನ್ನು ಹೊರಡಿಸುವುದು ಸಬ್‌ವೂಫರ್. ಮನುಷ್ಯನ ಕಿವಿಗೆ ಕ್ಷಣಕ್ಕೆ 20 ಕಂಪನಗಳಿಂದ ಮೊದಲುಗೊಂಡು 20,000ದವರೆಗೆ ಕೇಳಿಸುವುದೆಂದು ಲೆಕ್ಕ. ಇದರಲ್ಲಿ ಸುಮಾರು 20ರಿಂದ 100ರವರೆಗಿನ ಕೆಳಗಿನ ತುದಿಯೇ ಈ ಪೆಟ್ಟಿಗೆಯ ರಾಜ್ಯ. ನಮ್ಮವರು ಇದನ್ನೇ ಮಂದ್ರವೆಂದರು. ಶಾರ್ಙ್ಗದೇವನು 13ನೆಯ ಶತಮಾನದಲ್ಲಿ ಬರೆದ 'ಸಂಗೀತರತ್ನಾಕರ'ದಲ್ಲಿ ಮಂದ್ರಕ್ಕೆ ಹೃದಯವನ್ನೂ ಮಧ್ಯಕ್ಕೆ ಕಂಠವನ್ನೂ ತಾರಕ್ಕೆ ಶಿರಸ್ಸನ್ನೂ ಸ್ಥಾನವಾಗಿ ಹೇಳಿದ್ದಾನೆ. ಬೀರೇಶ್ವರನ ಜಾತ್ರೆಯಲ್ಲಿ ಡೊಳ್ಳಿನ ಮೇಳದ ಪಕ್ಕದಲ್ಲಿ ನಿಂತವರಿಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ. ಆ ಸದ್ದನ್ನು ಕಿವಿಗಿಂತ ಮೊದಲು ಎದೆಗೂಡು ಕೇಳುತ್ತದೆ.

ಮಂದ್ರವನ್ನು ಪಡೆಯುವುದು ಸುಲಭವಲ್ಲವೆಂಬುದನ್ನು ಮೃದಂಗದವರೂ ಬಲ್ಲರು. ಎಡಗಡೆಯ ತೊಪ್ಪಿಗೆ ಕಚೇರಿಗೆ ಮುಂಚೆ ರವೆಯ ಕಣಕವನ್ನು ಅಂಟಿಸುತ್ತಾರೆ. ಚರ್ಮದ ತೂಕ ಹೆಚ್ಚಿ ಕಂಪನ ನಿಧಾನವಾಗಿ ಸ್ವರ ಕೆಳಗಿಳಿಯುತ್ತದೆ. ನಮ್ಮ ಚರ್ಮವಾದ್ಯಗಳ ಈ ರಹಸ್ಯಗಳನ್ನು ಸರ್ ಸಿ. ವಿ. ರಾಮನ್ನರು ಪರಿಶೋಧಿಸಿ 1920ರಲ್ಲಿ ಒಂದು ಲೇಖನವನ್ನೂ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೊಂದನ್ನೂ ಪ್ರಕಟಿಸಿದರು. ಸಬ್‌ವೂಫರಿನಲ್ಲಿಯೂ ನಡೆಯುವುದು ಇದೇ: ಭಾರವಾದ ದೊಡ್ಡ ತಟ್ಟೆಯೊಂದು ಆಯಸ್ಕಾಂತದ ಬಲದಿಂದ ಹಿಂದೆ ಮುಂದೆ ಚಲಿಸಿ ಗಾಳಿಯನ್ನು ನೂಕುತ್ತದೆ. ಈ ಚಲಿಸುವ ಸುರುಳಿಯ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬವರು 1925ರಲ್ಲಿ ಲೋಕದ ಮುಂದಿಟ್ಟರು. ನೂರು ವರ್ಷ ಕಳೆದರೂ ತತ್ತ್ವ ಬದಲಾಗಿಲ್ಲ.

ಹಾಗಾದರೆ ಬೆಲೆ ಏಕೆ ಏರುವುದು? ಇದಕ್ಕೆ ಎರಡು ಕಾರಣಗಳುಂಟು, ಎರಡೂ ನಿಜವಾದವು. ಒಂದನೆಯದು ಪ್ರಕೃತಿಯ ಲೆಕ್ಕ. ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ, ಎಂದರೆ 40 ಕಂಪನದಿಂದ 20ಕ್ಕೆ ಬಂದರೆ, ಅಷ್ಟೇ ಒತ್ತಡದ ಸದ್ದಿಗೆ ಎರಡರಷ್ಟಲ್ಲ, ನಾಲ್ಕರಷ್ಟು ಗಾಳಿಯನ್ನು ಸ್ಥಳಾಂತರಿಸಬೇಕು. ಎರಡನೆಯದು ಕಿವಿಯ ಮಂದತೆ. ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಅಳೆದು ತೋರಿಸಿದಂತೆ, ಸ್ವರ ಕೆಳಗಿಳಿದಂತೆಲ್ಲ ಕಿವಿ ಜಡವಾಗುತ್ತದೆ. 1000 ಕಂಪನದ ಸ್ವರ ಎರಡು ಮೂರು ಡೆಸಿಬೆಲ್ ಇದ್ದರೂ ಎಳೆಯರ ಕಿವಿಗೆ ಕೇಳಿಸೀತು. 20 ಕಂಪನದ್ದಾದರೆ ಎಪ್ಪತ್ತೈದನ್ನು ದಾಟಿದ ಮೇಲೆಯೇ ಅದರ ಇರವು ತಿಳಿಯುವುದು. ಆದಕಾರಣ ತಟ್ಟೆ ದೊಡ್ಡದಾಗಬೇಕು, ಆಯಸ್ಕಾಂತ ಭಾರವಾಗಬೇಕು, ವಿದ್ಯುಚ್ಛಕ್ತಿ ಹೆಚ್ಚಬೇಕು, ಪೆಟ್ಟಿಗೆಯ ಹಲಗೆಗಳು ತಾವೇ ನಡುಗದಂತೆ ದಪ್ಪನಾಗಬೇಕು. ಇಂದಿನ ಪೇಟೆಯಲ್ಲಿ ಈ ಯಂತ್ರ ಏಳೆಂಟು ಸಾವಿರ ರೂಪಾಯಿಗೂ ಉಂಟು, ಹಲವು ಲಕ್ಷಗಳಿಗೂ ಉಂಟು. ಏಳೆಂಟು ಸಾವಿರದ್ದು ಬಹುಮಟ್ಟಿಗೆ 50ರ ಕೆಳಗೆ ಸೊಲ್ಲೆತ್ತದು; ಇದ್ದ ಸ್ವರವನ್ನೇ ಉಬ್ಬಿಸಿ ಗುಮ್ಮೆನ್ನಿಸುತ್ತದೆ. ಅಷ್ಟರ ಮಟ್ಟಿಗೆ ಮಗನ ವಾದ ಸಾಧುವಾದುದೇ.

ಆದರೆ ಇನ್ನೊಂದು ಪಕ್ಷವನ್ನೂ ನೋಡಬೇಕು. ಹಿಂದೆ ಒಳ್ಳೆಯ ಮಂದ್ರಕ್ಕೆ ಅಲಮಾರಿನಂಥ ಪೆಟ್ಟಿಗೆ ಬೇಕಾಗಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬವರು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದರು. ತೂಬಿನಂತೆ ರಂಧ್ರವುಳ್ಳ ಪೆಟ್ಟಿಗೆಗಳ ಗಣಿತವನ್ನು ಆಸ್ಟ್ರೇಲಿಯದ ಥೀಲ್ ಎಂಬವರು 1961ರಲ್ಲಿಯೂ, ಸ್ಮಾಲ್ ಎಂಬವರು 1970ರ ದಶಕದಲ್ಲಿಯೂ ಬಿಡಿಸಿ ಬರೆದರು. ಇದು ಗುಟ್ಟಿನ ವಿದ್ಯೆಯಲ್ಲ. ಓದಬಲ್ಲ ಪ್ರತಿಯೊಬ್ಬ ತಯಾರಕನಿಗೂ ತೆರೆದ ಪುಸ್ತಕ. ಆದ್ದರಿಂದ ಮಧ್ಯಮ ಬೆಲೆಯ ಯಂತ್ರವೂ ಸರಿಯಾದ ಲೆಕ್ಕದಿಂದ ಹುಟ್ಟಬಹುದು. ಬೆಲೆ ಹತ್ತರಷ್ಟಾದರೆ ಗುಣವೂ ಹತ್ತರಷ್ಟಾಗುವುದೆಂಬ ನಿಯಮ ಎಲ್ಲಿಯೂ ಇಲ್ಲ.

ಇನ್ನು ಮನೆಯಲ್ಲಿ ಕೇಳುವುದಾದರೂ ಏನು? ಗಂಡಸಿನ ತಂಬೂರಿಯ ಮಂದ್ರ ಷಡ್ಜದ ತಂತಿ ಸುಮಾರು 65ರಿಂದ 70 ಕಂಪನ. ವೀಣೆಯ ಅನುಮಂದ್ರ ಪಂಚಮವೂ ಸುಮಾರು 60ರ ಆಸುಪಾಸಿನದು. ಗಾಯಕರ ಕಂಠ ಇವಕ್ಕಿಂತಲೂ ಮೇಲಿನದು. ಗಂಭೀರಕಂಠಕ್ಕೆ ಹೆಸರಾಗಿದ್ದ ಗಂಗೂಬಾಯಿ ಹಾನಗಲ್ಲರ ಗಾನಕ್ಕೂ 30 ಕಂಪನದ ಪೆಟ್ಟಿಗೆಯ ಹಂಗಿಲ್ಲ. ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಂತೂ ಆ ಮಂದ್ರ ಮುದ್ರಿತವಾಗಿಯೇ ಇಲ್ಲ. ಇಲ್ಲದ್ದನ್ನು ಯಾವ ಯಂತ್ರವೂ ಕೊಡಲಾರದು. 20, 25 ಕಂಪನದ ಆಳ ಬೇಕಾಗುವುದು ಪಾಶ್ಚಾತ್ಯರ ದೇವಾಲಯಗಳ ದೊಡ್ಡ ಆರ್ಗನ್ನಿಗೆ, ಈಚಿನ ಯಂತ್ರಸಂಗೀತಕ್ಕೆ, ಮುಖ್ಯವಾಗಿ ಚಲಚ್ಚಿತ್ರಗಳ ಸಿಡಿತ, ಗುಡುಗು, ಭೂಕಂಪಗಳಿಗೆ. 1974ರಲ್ಲಿ 'ಅರ್ತ್‌ಕ್ವೇಕ್' ಎಂಬ ಅಮೆರಿಕದ ಚಿತ್ರಕ್ಕಾಗಿ ಚಿತ್ರಮಂದಿರಗಳಲ್ಲಿ ಭಾರಿ ಪೆಟ್ಟಿಗೆಗಳನ್ನಿಟ್ಟು ಪ್ರೇಕ್ಷಕರ ಕುರ್ಚಿಗಳನ್ನೇ ನಡುಗಿಸಿದ್ದರು. ಇಂದಿನ ಚಿತ್ರಗಳಲ್ಲಿ ಈ ಗುಡುಗಿಗೆಂದೇ ಒಂದು ಪ್ರತ್ಯೇಕ ಧ್ವನಿಮಾರ್ಗವಿರುತ್ತದೆ.

ಇಷ್ಟು ಓದಿಕೊಂಡ ಮೇಲೆ ಪ್ರತ್ಯಕ್ಷಪ್ರಮಾಣವನ್ನು ನೋಡೋಣವೆಂದು ಸ್ನೇಹಿತರ ಮನೆಗೆ ಹೋದೆವು. ಮಗನು ಅಂಗಡಿಯವರನ್ನು ಒಪ್ಪಿಸಿ ನಾಲ್ಕೂವರೆ ಲಕ್ಷದ ಯಂತ್ರವನ್ನು ಎರಡು ದಿವಸಗಳ ಮಟ್ಟಿಗೆ ತರಿಸಿದ್ದನು. ನಮ್ಮ ಕೋರಿಕೆಯಂತೆ ಅವನ ಗೆಳೆಯನೊಬ್ಬನ 45,000 ರೂಪಾಯಿಯ ಯಂತ್ರವೂ ಬಂದಿತ್ತು. ಮೊದಲು ದೊಡ್ಡದನ್ನೇ ನುಡಿಸಿದರು. ನಮಗೆ ಕೇಳಿಸಿದ್ದು ಸಂಗೀತವಲ್ಲ. ಒಂದೇ ಸ್ವರದ ಗುಂಯ್ಗಾಟ, ಅದರ ಮೇಲೆ ಅಟ್ಟದ ಮೇಲಿನ ಪಾತ್ರೆಗಳ ಝಣತ್ಕಾರ, ಉಕ್ಕಿನ ಬೀರುವಿನ ಬಾಗಿಲಿನ ಕಟಕಟ. ಮಗನ ಮುಖ ಸಣ್ಣದಾಯಿತು. ತಂದೆಯ ಮುಖದಲ್ಲಿ ಜಯದ ನಗೆ ಮೂಡಿತು. ಆದರೆ ತಪ್ಪು ಯಂತ್ರದ್ದಾಗಿರಲಿಲ್ಲ.

ಕೊಠಡಿಯ ಉದ್ದ 18 ಅಡಿ, ಸೋಫಾ ನಟ್ಟನಡುವೆ. ಗಾಳಿಯಲ್ಲಿ ಶಬ್ದ ಕ್ಷಣಕ್ಕೆ ಸುಮಾರು 343 ಮೀಟರು ಹೋಗುತ್ತದೆ. 31 ಕಂಪನದ ಅಲೆಯ ಅರ್ಧ ಉದ್ದ ಸರಿಯಾಗಿ ಆ ಕೊಠಡಿಯ ಉದ್ದಕ್ಕೆ ಸಮ. ಅಂಥ ಅಲೆ ಗೋಡೆಯಿಂದ ಗೋಡೆಗೆ ಬಡಿದು ನಿಂತುಬಿಡುತ್ತದೆ: ಗೋಡೆಗಳ ಬಳಿ ಜೋರು, ನಡುವೆ ಶೂನ್ಯ. ಅದರ ಎರಡರಷ್ಟಾದ 62ರ ಅಲೆಯಾದರೋ ನಡುವೆಯೇ ಸೊಕ್ಕುತ್ತದೆ. ಹೀಗೆ ನಡುವೆ ಕುಳಿತವನಿಗೆ ಒಂದು ಸ್ವರ ಸತ್ತು ಇನ್ನೊಂದು ಕೂಗಾಡುತ್ತದೆ. ಸೋಫಾವನ್ನು ಮೂರಡಿ ಹಿಂದಕ್ಕೆ ಸರಿಸಿ, ಕೊಠಡಿಯ ಉದ್ದದ ಮೂರನೆಯ ಒಂದು ಭಾಗ ಬೆನ್ನ ಹಿಂದೆ ಉಳಿಯುವಂತೆ ಇರಿಸಿದೆವು. ಅಲ್ಲಿ ಎರಡೂ ಅಲೆಗಳಿಗೆ ಸಮಪಾಲು. ಆಮೇಲೆ ಬಲ್ಲವರು ಹೇಳುವ ಒಂದು ಉಪಾಯವನ್ನು ಮಾಡಿದೆವು. ಯಂತ್ರವನ್ನು ಸೋಫಾದ ಜಾಗದಲ್ಲಿಟ್ಟು ನುಡಿಸುತ್ತ, ಕೇಳುವವನು ನೆಲದ ಮೇಲೆ ಗೋಡೆಯುದ್ದಕ್ಕೂ ಅಂಬೆಗಾಲಿಡುತ್ತ ಹೋಗುವುದು. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳಿಸುವುವೋ ಆ ಸ್ಥಳವೇ ಯಂತ್ರಕ್ಕೆ ಯೋಗ್ಯ. ಶಬ್ದದ ಶಾಸ್ತ್ರದಲ್ಲಿ ನುಡಿಯುವ ಸ್ಥಳವನ್ನೂ ಕೇಳುವ ಸ್ಥಳವನ್ನೂ ಅದಲುಬದಲು ಮಾಡಿದರೆ ಫಲ ಒಂದೇ. ಮೂವತ್ತು ವರ್ಷ ಮಕ್ಕಳನ್ನು ನೆಟ್ಟಗೆ ಕೂರಿಸಿದ ನಾವು ಪಂಚೆಯನ್ನೆತ್ತಿ ಕಟ್ಟಿ ಅಂಬೆಗಾಲಿಟ್ಟೆವು. ಮನೆಯ ಮಕ್ಕಳು ನಕ್ಕು ನಕ್ಕು ಹೊರಳಿದರು. ಜಾಗ ಸಿಕ್ಕಿದ್ದು ಮೂಲೆಯಲ್ಲಲ್ಲ, ಎಡಗೋಡೆಯ ನಡುಭಾಗದಲ್ಲಿ. ಪಾತ್ರೆಗಳನ್ನು ಕೆಳಗಿಳಿಸಿ, ಬೀರುವಿನ ಬಾಗಿಲಿಗೆ ಮಡಿಸಿದ ಬಟ್ಟೆ ತುರುಕಿದ ಮೇಲೆ ಮೃದಂಗ ಮೃದಂಗವಾಗಿ ಕೇಳಿಸಿತು. ಈ ಸುಧಾರಣೆಗೆ ತಗಲಿದ ವೆಚ್ಚ ಒಂದು ಕಾಸೂ ಇಲ್ಲ.

ಇಲ್ಲಿ ನಮಗೆ ನೆನಪಾದದ್ದು ನಮ್ಮ ಸೂಳೆಕೆರೆಯೇ. ಹನ್ನೊಂದು ಹನ್ನೆರಡನೆಯ ಶತಮಾನದ್ದೆನ್ನುವ ಈ ಕೆರೆಯನ್ನು ಕಟ್ಟಿಸಿದವಳು ಶಾಂತವ್ವನೆಂದೂ, ಭೂಮಿ ಬಿಟ್ಟುಕೊಟ್ಟ ಸೂಳೆಯರ ಹೆಸರು ಅದಕ್ಕೆ ನಿಂತಿತೆಂದೂ ಐತಿಹ್ಯ. ಶಾಂತಿಸಾಗರವೆಂಬ ಹೆಸರೂ ಉಂಟು. ನೀರಿನ ಹರವು ಆರು ಸಾವಿರ ಎಕರೆಗೂ ಮಿಗಿಲು. ಆದರೆ ಅದನ್ನು ಹಿಡಿದು ನಿಲ್ಲಿಸಿರುವ ಏರಿ ಉದ್ದದಲ್ಲಿ ಏನೂ ಹೆಚ್ಚಿನದಲ್ಲ, ನೋಡಬಂದವರು 'ಇಷ್ಟೇನೆ?' ಎನ್ನುತ್ತಾರೆ. ಹರಿದ್ರಾ ಹಳ್ಳವು ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ಹರಿಯುವ ತಾಣವನ್ನು ಗುರುತಿಸಿ ಅಲ್ಲಿಯೇ ಏರಿ ಹಾಕಿದರು. ಬಯಲಿನಲ್ಲಿ ಅಷ್ಟೇ ಮಣ್ಣು ಕಲ್ಲು ಸುರಿದಿದ್ದರೆ ಒಂದು ಕಟ್ಟೆಯೂ ತುಂಬುತ್ತಿರಲಿಲ್ಲ. ಸಬ್‌ವೂಫರಿನ ವಿಷಯದಲ್ಲಿಯೂ ಸ್ಥಳವಿವೇಕಕ್ಕೆ ಇಂಥದೇ ಬೆಲೆ. 2002ರಲ್ಲಿ ಟಾಡ್ ವೆಲ್ಟಿ ಎಂಬ ಶೋಧಕರು, ಒಂದೇ ಯಂತ್ರಕ್ಕಿಂತ ಎದುರುಬದುರು ಗೋಡೆಗಳ ನಡುಭಾಗದಲ್ಲಿಟ್ಟ ಎರಡು ಯಂತ್ರಗಳಿಂದ ಕೊಠಡಿಯ ಎಲ್ಲ ಆಸನಗಳಿಗೂ ಹೆಚ್ಚು ಸಮನಾದ ಮಂದ್ರ ದೊರೆಯುವುದೆಂದು ತೋರಿಸಿಕೊಟ್ಟರು. ಹಣವಿದ್ದವರು ಒಂದು ರಾಜಯಂತ್ರಕ್ಕೆ ಬದಲು ಎರಡು ಸಾಧಾರಣ ಯಂತ್ರಗಳನ್ನು ಕೊಳ್ಳುವುದು ಎಷ್ಟೋ ವೇಳೆ ಮೇಲು.

ಮರುದಿನ ಎರಡು ಯಂತ್ರಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಮುಂದೆ ಪಂಚೆಯೊಂದನ್ನು ತೆರೆಯಾಗಿ ಕಟ್ಟಿದೆವು. ಕೆನಡದಲ್ಲಿಯೂ ಅಮೆರಿಕದಲ್ಲಿಯೂ ಈ ವಿದ್ಯೆಗಾಗಿ ಶ್ರಮಿಸಿದ ಫ್ಲಾಯ್ಡ್ ಟೂಲ್ ಎಂಬವರು, ಸಹೋದ್ಯೋಗಿ ಶಾನ್ ಆಲಿವ್ ಅವರೊಡನೆ 1994ರಲ್ಲಿ ತೋರಿಸಿದ ಸತ್ಯವೊಂದಿದೆ: ಸ್ಪೀಕರಿನ ರೂಪ, ಹೆಸರು, ಬೆಲೆಗಳು ಕಣ್ಣಿಗೆ ಬಿದ್ದರೆ ಕಿವಿಯ ತೀರ್ಪು ಕೆಡುತ್ತದೆ. ಎರಡರ ಸದ್ದನ್ನೂ ಅಳೆದು ಸಮಮಾಡಿದೆವು; ಜೋರಾದದ್ದೇ ಚೆನ್ನೆಂದು ಕಿವಿ ಮೋಸಹೋಗುವುದುಂಟು. ಮಗನ ಗೆಳೆಯನು ನಾಣ್ಯ ಚಿಮ್ಮಿ ಯಾವುದೆಂದು ಹೇಳದೆ ನುಡಿಸಿದನು, ನಾಲ್ವರು ಬರೆದುಕೊಂಡೆವು. ಭೀಮಸೇನ ಜೋಶಿಯವರ ಗಾಯನದಲ್ಲಿ, ಒಂದು ವೀಣೆಯಲ್ಲಿ, ಒಂದು ಮೃದಂಗದ ತನಿಯಲ್ಲಿ ನಮ್ಮ ಉತ್ತರಗಳು ನಾಣ್ಯದ ಉತ್ತರಕ್ಕಿಂತ ಮೇಲಾಗಲಿಲ್ಲ. ಯಂತ್ರ ಬೇಕೆಂದು ಹಟಹಿಡಿದ ಮಗನೇ ಹೆಚ್ಚು ತಪ್ಪಿದನು. ಆಮೇಲೆ ಒಂದು ಚಿತ್ರದ ಯುದ್ಧಭಾಗವನ್ನು ಜೋರಾಗಿ ಹಾಕಿಸಿದೆವು. ಆಗ ನಾಲ್ವರೂ ಸರಿಯಾಗಿ ಹೇಳಿದೆವು. ಚಿಕ್ಕದು ಏದುಸಿರು ಬಿಟ್ಟಂತೆ ಪುಸುಗುಟ್ಟಿ ಹಿಂಜರಿಯಿತು. ದೊಡ್ಡದು ಬೆವರದೆ ಗುಡುಗಿತು. ನೆಲ ನಡುಗಿತು, ಅದರಲ್ಲಿ ಒಂದು ಘನತೆಯೂ ಇತ್ತೆಂಬುದನ್ನು ಒಪ್ಪಬೇಕು. ಆದ್ದರಿಂದ ವ್ಯತ್ಯಾಸವೇ ಇಲ್ಲವೆಂದು ಹೇಳುವವರ ಮಾತು ಸುಳ್ಳು. ಎಲ್ಲೆಲ್ಲಿಯೂ ಇದೆಯೆನ್ನುವವರ ಮಾತೂ ಸುಳ್ಳು.

ಹಾಗಾದರೆ ನಾಲ್ಕೂವರೆ ಲಕ್ಷದಲ್ಲಿ ಏನೇನು ಸೇರಿದೆ? ಸ್ವಲ್ಪ ಭಾಗ ಆಳಕ್ಕೆ, ಸ್ವಲ್ಪ ಬಲಕ್ಕೆ. ಬಲದ ಲೆಕ್ಕವೂ ಉದಾರವಾದುದಲ್ಲ. ವಿದ್ಯುತ್ತನ್ನು ಎರಡರಷ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಉಳಿದದ್ದು ಕನ್ನಡಿಯಂತೆ ಹೊಳೆಯುವ ಬಣ್ಣಕ್ಕೆ, ಹಡಗಿನ ಸಾಗಣೆಗೆ, ಸುಂಕಕ್ಕೆ, ವರ್ತಕರ ಲಾಭಕ್ಕೆ, ಮತ್ತು ಹೆಸರಿಗೆ. ಹೊಳಪಿಗೆ ಹಣ ಕೊಡುವುದು ಪಾಪವಲ್ಲ. ಮದುವೆಯ ಸೀರೆಯ ಜರಿಯೂ ಮೈ ಮುಚ್ಚುವುದಕ್ಕಲ್ಲ. ಆದರೆ ಜರಿಯನ್ನು ಜರಿಯೆಂದು ತಿಳಿದು ಕೊಳ್ಳಬೇಕು, ನೂಲೆಂದು ತಿಳಿದಲ್ಲ.

ನೆರೆಹೊರೆಯ ಧರ್ಮವೂ ಒಂದುಂಟು. ತಾರಸ್ವರವನ್ನು ಗೋಡೆ ತಡೆಯುತ್ತದೆ. ಮಂದ್ರ ಗೋಡೆಯನ್ನು ದಾಟಿ ಪಕ್ಕದ ಮನೆಯ ತೊಟ್ಟಿಲನ್ನು ತಲುಪುತ್ತದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ಲುಗಳ ಮಿತಿಯನ್ನು ಹಾಕಿವೆ. ಅಳೆಯುವ ಮಾನವಾದರೋ ಕಿವಿಯ ಜಡತೆಯನ್ನು ಅನುಸರಿಸಿ, 31 ಕಂಪನದ ಸದ್ದಿನಲ್ಲಿ ಸುಮಾರು 39 ಡೆಸಿಬೆಲ್ಲುಗಳನ್ನು ಕಳೆದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಎಂದರೆ ಕಾನೂನಿನೊಳಗೇ ಇದ್ದು ನೆರೆಯವರ ನಿದ್ದೆ ಕೆಡಿಸುವುದು ಸಾಧ್ಯ. ಅಲ್ಲಿ ಕಾನೂನಿಗಿಂತ ದಾಕ್ಷಿಣ್ಯವೇ ದೊಡ್ಡದು.

ಈಗ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಯುದ್ಧದ ಗುಡುಗು ಮುಗಿದು ಯಾರೋ ಡೊಳ್ಳಿನ ಮೇಳವೊಂದನ್ನು ಹಾಕಿದಾಗ, ಪಡಸಾಲೆಯ ಮಂಚದ ಮೇಲಿದ್ದ ಸ್ನೇಹಿತರ ವೃದ್ಧ ತಾಯಿ ಎದ್ದು ಕುಳಿತು ಗೋಡೆಗೆ ಅಂಗೈಯಿಟ್ಟರು. "ಜಾತ್ರೆ ಬಂತೇನೋ?" ಎಂದರು. ಎಂಬತ್ತನ್ನು ದಾಟಿದ ಆಕೆಗೆ ಕಿವಿ ಕೇಳಿಸದೆ ನಾಲ್ಕೈದು ವರ್ಷಗಳಾಗಿದ್ದವು. ಮೊಮ್ಮಗನು ಓಡಿಹೋಗಿ ಅಜ್ಜಿಯ ಕಿವಿಯ ಬಳಿ ಏನನ್ನೋ ಕೂಗಿ ಹೇಳಿದನು. ಆಕೆ ಸುಮ್ಮನೆ ನಕ್ಕರು. ನಮ್ಮ ಮನಸ್ಸಿಗೆ ಚುಚ್ಚಿದಂತಾಯಿತು. ಮುಪ್ಪಿನಲ್ಲಿ ಮೊದಲು ಹೋಗುವುದು ತಾರಸ್ವರ. ಸ, ತ, ಕ, ಶ ಎಂಬ ವ್ಯಂಜನಗಳ ಚೂಪೆಲ್ಲ ಅಲ್ಲಿಯೇ ಇರುವುದು. ಮಂದ್ರ ಕಡೆಯವರೆಗೂ ಉಳಿಯುತ್ತದೆ. ಆದ್ದರಿಂದ ಡೊಳ್ಳು ಕೇಳಿಸಿದ ಅಜ್ಜಿಗೆ ಮೊಮ್ಮಗನ ಮಾತು ಕೇಳಿಸಲಿಲ್ಲ. ಮನೆಯಲ್ಲಿ ಶಬ್ದಕ್ಕಾಗಿ ನಾಲ್ಕೂವರೆ ಲಕ್ಷದ ಮಾತು ಹದಿನೈದು ದಿನ ನಡೆದಿತ್ತು. ಆ ಮುದುಕಿಯ ಕಿವಿಯ ಮಾತನ್ನು ಯಾರೂ ಎತ್ತಿರಲಿಲ್ಲ. ನಾವೂ ಎತ್ತಿರಲಿಲ್ಲ. ತಪ್ಪಿನಲ್ಲಿ ನಮಗೂ ಪಾಲುಂಟು.

ಆ ರಾತ್ರಿ ಮಾತನ್ನು ಮೊದಲು ಆಡಿದವನು ಮಗನೇ. ದೊಡ್ಡ ಯಂತ್ರ ಅಂಗಡಿಗೆ ಹಿಂದಿರುಗಿತು. 45,000 ರೂಪಾಯಿಯಂಥದನ್ನೇ ಒಂದನ್ನು ಕೊಂಡರು. ತಂದೆ, ಮಗ ಇಬ್ಬರೂ ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಹೋಗಿ, ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ, ಶ್ರವಣಯಂತ್ರಗಳನ್ನು ಹಾಕಿಸಿಕೊಂಡು ಬಂದರು. ಅವುಗಳಿಂದ ಕಿವಿ ಹೊಸದಾಗಲಿಲ್ಲ. ಗದ್ದಲದಲ್ಲಿ ಈಗಲೂ ಆಕೆಗೆ ಕಷ್ಟವೇ. ಆದರೂ ಹತ್ತಿರ ಕುಳಿತು ಮೆಲ್ಲನೆ ಆಡಿದ ಮಾತು ತಿಳಿಯುತ್ತದೆ. ಉಳಿದ ಹಣ ಬಾಕಿಯಿದ್ದ ಕಂತಿಗೆ ಹೋಯಿತು.

ಗೃಹಸ್ಥರಾದ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಸಬ್‌ವೂಫರನ್ನು ಕೊಳ್ಳುವ ಮೊದಲು ಕೊಠಡಿಯನ್ನು ಅಳೆಯಿರಿ; ಕುಳಿತುಕೊಳ್ಳುವ ಸ್ಥಳವನ್ನು ಸರಿಪಡಿಸಿರಿ; ನಡುಗುವ ಸಾಮಾನುಗಳನ್ನು ಭದ್ರಪಡಿಸಿರಿ. ಮನೆಯಲ್ಲಿ ನಡೆಯುವುದು ಹಾಡೋ ಗುಡುಗೋ ಎಂಬುದನ್ನು ನಿಶ್ಚಯಿಸಿರಿ. ಹಾಡಾದರೆ ಮಧ್ಯಮ ಬೆಲೆಯದು ಸಾಕು. ದೊಡ್ಡ ಕೊಠಡಿಯಿದ್ದು, ನೆರೆಮನೆ ದೂರವಿದ್ದು, ಚಿತ್ರಗಳನ್ನು ಪೂರ್ಣಶಕ್ತಿಯಿಂದ ನೋಡುವ ಆಸೆಯಿದ್ದು, ತಲೆಯ ಮೇಲೆ ಸಾಲವಿಲ್ಲದಿದ್ದರೆ, ದುಬಾರಿಯ ಯಂತ್ರವನ್ನು ಕೊಂಡವನನ್ನು ನಾವು ಹಳಿಯುವುದಿಲ್ಲ. ಆದರೆ ತೆರೆ ಕಟ್ಟಿ ಕೇಳಿಯೇ ಕೊಳ್ಳಲಿ. ಸಂಸ್ಕೃತದಲ್ಲಿ ಮೂಲ್ಯವೆಂಬ ಶಬ್ದ ಹುಟ್ಟಿರುವುದು ಮೂಲವೆಂಬ ಶಬ್ದದಿಂದ. ಬೇರು ಎಲ್ಲಿದೆಯೆಂದು ನೋಡಿದ ಮೇಲೆ ಬೆಲೆಯ ಮಾತು.

ಮೊನ್ನೆ ಆ ಮನೆಗೆ ಹೋಗಿದ್ದಾಗ ಕೊಠಡಿಯಲ್ಲಿ ಡೊಳ್ಳು ನುಡಿಯುತ್ತಿತ್ತು. ಅಜ್ಜಿ ಕೈಸನ್ನೆ ಮಾಡಿ ಮೊಮ್ಮಗನನ್ನು ಕರೆದು, "ಸ್ವಲ್ಪ ಸಣ್ಣದು ಮಾಡೋ, ಮೇಷ್ಟ್ರು ಏನೋ ಹೇಳ್ತಾ ಇದ್ದಾರೆ" ಎಂದರು.